ಎರಡು ಕ್ಯಾಮೆರಾ, ಬಸ್ ಹತ್ತಿದ ಅತ್ತೆ

ಇವತ್ತು ಬೀರು ತೆಗೆದಾಗ ಹಳೆಯ ಡಿಜಿಟಲ್ ಕ್ಯಾಮೆರಾದ ಚೀಲದಿಂದ ರೆಕ್ಸಿನ್ ವಾಸನೆ ಬಂತು. ದೊಡ್ಡಬಳ್ಳಾಪುರದ ನಮ್ಮನೆ ಬಾಗಿಲಲ್ಲಿ ಯೂನಿಫಾರ್ಮ್ ತೊಟ್ಟು ನಿಂತಿದ್ದ ಅತ್ತೆ ನೆನಪಾದಳು. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಅವಳಿಗೆ ಅಂದು ಮೊದಲ ದಿನ. ನಮ್ಮ ಮನೆಯಿಂದ ಕೆಲಸಕ್ಕೆ ಹೊರಟ ಮೊದಲ ಹೆಣ್ಣು ಅವಳೇ.

ಅಪ್ಪ, ಚಿಕ್ಕಪ್ಪ ಇಬ್ಬರ ಕೈಯಲ್ಲೂ ಹೊಸ ಕ್ಯಾಮೆರಾ.

"ನಂದಕ್ಕೆ ಪೆನ್ಸಿಲ್ ಸೆಲ್ ಸಾಕು ಕಣೋ," ಎಂದ ಅಪ್ಪ.

"ನಂದ್ರಲ್ಲಿ ಜೂಮ್ ಜಾಸ್ತಿ," ಎಂದ ಚಿಕ್ಕಪ್ಪ.

ನಾನು ಒಳಗೂ ಹೊರಗೂ ಓಡಾಡುತ್ತಿದ್ದೆ.

"ಯಾವ್ದ್ರಲ್ಲಾದ್ರೂ ತೆಗೀರಪ್ಪಾ, ಬಸ್ ಬಂತು," ಎಂದು ಅಜ್ಜಿ ಗೋಗರೆದಳು.

ಅಪ್ಪನ ಕ್ಯಾಮೆರಾ ಆನ್ ಆಗುವಷ್ಟರಲ್ಲಿ ಅತ್ತೆ ಬಸ್ ಹತ್ತಿದ್ದಳು. ಚಿಕ್ಕಪ್ಪನ ಜೂಮ್‌ಗೆ ಸಿಕ್ಕಿದ್ದು ಕಿಟಕಿಯ ಕಂಬಿ ಹಿಡಿದ ಅವಳ ಕೈ ಮಾತ್ರ.

ಈಗ ಅವಳಿಗೆ ಫೋನ್ ಮಾಡಿದೆ. ಆ ಫೋಟೊ ಇನ್ನೂ ಇಟ್ಟುಕೊಂಡಿದ್ದಾಳಂತೆ.

"ಅವತ್ತು ಕೈ ನಡುಗ್ತಿತ್ತು ಕಣೋ. ಫೋಟೊದಲ್ಲಿ ನೋಡು, ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದೀನಿ," ಎಂದಳು.