ಒಂದು ಪುಟ್ಟಸಿದ್ದಮ್ಮನಷ್ಟು ಹೊತ್ತು

ಪಿರಿಯಾಪಟ್ಟಣದ ಬಸ್ ನಿಲ್ದಾಣದ ಟ್ಯೂಬ್‌ಲೈಟುಗಳು ಇನ್ನೂ ಆರಿಲ್ಲ. ಮೈಸೂರಿನ ಮೊದಲ ಬಸ್ಸು ಗುರುಗುಟ್ಟುತ್ತ ನಿಂತಿದೆ. ಮಂಕಿ ಕ್ಯಾಪಿನ ಯಜಮಾನರು, ಕೊಡಗಿನ ತೋಟಗಳಿಗೆ ಕೂಲಿಗೆ ಹೊರಟ ಹೆಂಗಸರು, ಕಣ್ಣು ಮುಚ್ಚಿಕೊಂಡೇ ಟೀ ಕುಡಿಯುತ್ತಿರುವ ಕಂಡಕ್ಟರು. ಇವರೆಲ್ಲರ ನಡುವೆ ಖಾಕಿ ಕೋಟಿನ ಮೇಲೊಂದು ಹಳೇ ಶಾಲು ಸುತ್ತಿಕೊಂಡು, ಕೊರಳಿಗೆ ಸೀಟಿ ನೇತುಹಾಕಿಕೊಂಡು ಸುನಂದಮ್ಮ ಓಡಾಡುತ್ತಿದ್ದಾರೆ. ಓಡಾಡುತ್ತಿದ್ದಾರೆ ಅನ್ನುವುದು ನನ್ನ ಉದಾರತೆ. ಅವರ ಮಂಡಿ ಓಡಾಡಲು ಒಪ್ಪಿ ವರ್ಷಗಳಾಗಿವೆ. ಒಂದು ಕೈಯಲ್ಲಿ ಕಂಬ ಹಿಡಿದು, ಇನ್ನೊಂದು ಕೈಯಲ್ಲಿ ಬಸ್ಸು ಹಿಂದಕ್ಕೆ ತೆಗೆಸುತ್ತಾರೆ.

"ಬಾ, ಬಾ, ಬಾ... ಆಯ್ತು, ನಿಲ್ಸು! ಏನ್ಲಾ, ನನ್ ಕ್ಯಾಬಿನ್ನೊಳೀಕೇ ಬಂದ್ಬುಡ್ತೀಯಾ?"

ಸುನಂದಮ್ಮ ಈ ನಿಲ್ದಾಣದ ಕಂಟ್ರೋಲರ್. ಬರುವ ಹೋಗುವ ಬಸ್ಸಿನ ಹೊತ್ತು ಬರೆದುಕೊಳ್ಳುವುದು, ಕಂಡಕ್ಟರುಗಳ ಹಾಳೆಗೆ ಸಹಿ ಹಾಕುವುದು, ಹೊತ್ತಾದರೆ ಸೀಟಿ ಊದುವುದು ಅವರ ಕೆಲಸ. ದಿನಕ್ಕೆ ಇನ್ನೂರರ ಆಸುಪಾಸು ಬಸ್ಸುಗಳು, ಅದಕ್ಕೆ ಹತ್ತರಷ್ಟು ಪ್ರಶ್ನೆಗಳು. ಹುಣಸೂರಿನ ಬಸ್ಸು ಬಂತಾ ಎಂದು ಕೇಳಿದವರು ಉತ್ತರ ಸಿಕ್ಕ ಮೇಲೂ ನಂಬದೆ ಮತ್ತೊಮ್ಮೆ ಬಂದು ಕೇಳುತ್ತಾರೆ. ಇಷ್ಟೇ ಆಗಿದ್ದರೆ ನಾನು ಇಷ್ಟು ಬೆಳಿಗ್ಗೆ ಎದ್ದು ಬರುತ್ತಿರಲಿಲ್ಲ. ನನ್ನನ್ನು ಎಳೆದು ತಂದದ್ದು ಅವರ ಕ್ಯಾಬಿನ್ನಿನ ಗೋಡೆಗೆ ಒರಗಿಸಿರುವ ಒಂದು ಹಲಗೆ.

ಅದು ಮುರಿದ ಮಂಚದ ಹಲಗೆ. ಅದರ ತುಂಬ ಸಣ್ಣ ಮೊಳೆಗಳು, ಮೊಳೆಯಿಂದ ಮೊಳೆಗೆ ಬಣ್ಣಬಣ್ಣದ ಹೊಲಿಗೆ ದಾರ. ಮೊದಲ ನೋಟಕ್ಕೆ ಮಕ್ಕಳು ಆಡಿ ಬಿಟ್ಟಂತೆ ಕಾಣುತ್ತದೆ. ಎಡಗಡೆ ಊರುಗಳ ಹೆಸರು ಬರೆದಿದೆ. ಮೇಲೆ ಹುಣಸೂರು, ನಡುವೆ ಪಿರಿಯಾಪಟ್ಟಣ, ಅದರ ಕೆಳಗೆ ಹಾರನಹಳ್ಳಿ, ತಳದಲ್ಲಿ ಮಾಳದಕೊಪ್ಪಲು. ಎಡದಿಂದ ಬಲಕ್ಕೆ ಹೊತ್ತು ಸಾಗುತ್ತದೆ, ಐದು ನಿಮಿಷಕ್ಕೊಂದು ಮೊಳೆ. ಒಂದೊಂದು ದಾರವೂ ಒಂದೊಂದು ಬಸ್ಸು.

"ಇಳಿಜಾರು ಜಾಸ್ತಿ ಇದ್ರೆ ಬಸ್ಸು ಜೋರಾಗಿ ಓಡ್ತಾ ಅದೆ ಅಂತ. ಕಮ್ಮಿ ಇದ್ರೆ ನಿಧಾನ. ದಾರ ಮಲಗ್ಬುಟ್ರೆ ಬಸ್ಸು ನಿಂತದೆ ಅಂತ" ಎಂದು ಅವರು ಬೆರಳು ಆಡಿಸಿ ತೋರಿಸುತ್ತಾರೆ. "ಎರಡು ದಾರ ಎಲ್ಲಿ ಕೂಡ್ತವೋ ಅಲ್ಲಿ ಎರಡು ಬಸ್ಸು ಎದುರಾಗ್ತವೆ. ಟೈಮ್ ಟೇಬಲ್ಲಿನ ಪಟ್ಟಿ ನೋಡಿದ್ರೆ ಬರೀ ಅಂಕಿ ಕಾಣ್ತವೆ ಸಾರ್. ದಾರದಲ್ಲಿ ಬಸ್ಸು ಓಡೋದೇ ಕಾಣ್ತದೆ."

ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದ ಕಡೆಯವರು ಸುನಂದಮ್ಮ. ತಾಯಿ ರವಿಕೆ ಹೊಲಿದು ಮಕ್ಕಳನ್ನು ಸಾಕಿದವರು. ದಾರದ ಉಂಡೆಗಳು ಬಂದದ್ದು ಆ ಮನೆಯಿಂದಲೇ. ಶಾಲೆಯಲ್ಲಿ ಲೆಕ್ಕ ಹೇಗಿತ್ತು ಎಂದು ಕೇಳಿದರೆ ಬಾಯಿ ತುಂಬ ನಗುತ್ತಾರೆ. "ಮೂವತ್ತೈದು. ಅದೂ ಜಾಮಿಟ್ರಿ ಇದ್ದಿದ್ದಕ್ಕೆ. ಎಕ್ಸು ವೈ ಅಂದ್ರೆ ನಂಗೆ ಜ್ವರ ಬರದು. ಅದನ್ನೇ ಗೆರೆ ಎಳೆದು ತೋರಿಸಿದ್ರೆ, ಓ ಇಷ್ಟೇನಾ ಅನ್ಸದು."

ಕಂಡಕ್ಟರಾಗಿ ಸೇರಿದ ಮೇಲೆ ಹುಣಸೂರು, ಎಚ್.ಡಿ. ಕೋಟೆ ದಾರಿಯಲ್ಲಿ ಹನ್ನೆರಡು ವರ್ಷ ನಿಂತೇ ಟಿಕೆಟ್ ಹರಿದಿದ್ದಾರೆ. ಹೆಣ್ಣು ಕಂಡಕ್ಟರಿಗೆ ನಡುದಾರಿಯಲ್ಲಿ ಶೌಚಾಲಯ ಹುಡುಕುವ ಪಾಡು, ಕುಡಿದು ಹತ್ತಿದವರ ಮಾತು, ಎಲ್ಲ ಅನುಭವಿಸಿದ್ದಾರೆ. ಅದನ್ನು ಹೇಳುವಾಗ ಅವರ ದನಿಯಲ್ಲಿ ಅಳುವಿಲ್ಲ, ಸ್ವಲ್ಪ ಸಿಟ್ಟಿದೆ. ಮಂಡಿ ಕೈಕೊಟ್ಟ ಮೇಲೆ ಕಂಟ್ರೋಲರ್ ಕೆಲಸ ಸಿಕ್ಕಿತು.

ಹಲಗೆ ಹುಟ್ಟಿದ್ದು ಐಶ್ವರ್ಯಳಿಗಾಗಿ. ಮಾಳದಕೊಪ್ಪಲಿನ ಈ ಹುಡುಗಿ ಆಗ ಹುಣಸೂರಿನಲ್ಲಿ ಪಿಯುಸಿ ವಿಜ್ಞಾನ ಓದುತ್ತಿದ್ದಳು. ಸಂಜೆ ಹುಣಸೂರಿನ ಬಸ್ಸು ಪಿರಿಯಾಪಟ್ಟಣಕ್ಕೆ ಬರುವಷ್ಟರಲ್ಲಿ, ಊರ ಕಡೆಯ ಕೊನೆಯ ಬಸ್ಸು ಹತ್ತು ನಿಮಿಷ ಮುಂಚೆಯೇ ಹೊರಟುಹೋಗಿರುತ್ತಿತ್ತು. ಆಮೇಲೆ ಹಾರನಹಳ್ಳಿವರೆಗೆ ಯಾವುದಾದರೂ ಗೂಡ್ಸ್ ಆಟೋ, ಅಲ್ಲಿಂದ ಕೆರೆ ಏರಿಯ ಮೇಲೆ ಕತ್ತಲಲ್ಲಿ ನಡಿಗೆ. ಅಪ್ಪ ಲಿಂಗಯ್ಯ ಹೊಗೆಸೊಪ್ಪು ಬೆಳೆಯುವವರು. ಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ಅದನ್ನು ಹದ ಮಾಡುವ ಗೂಡಿನ, ಅಂದರೆ ಬ್ಯಾರನ್ನಿನ, ಬೆಂಕಿ ಬಿಟ್ಟು ಅತ್ತಿತ್ತ ಅಲ್ಲಾಡುವಂತಿಲ್ಲ. ಮಗಳನ್ನು ದಿನಾ ಕರೆತರುವವರು ಯಾರು? ಒಂದು ದಿನ ಅವಳು ಕ್ಯಾಬಿನ್ನಿನ ಮುಂದೆ ನಿಂತು ಹೇಳಿದಳು: "ಆಂಟಿ, ಹಿಂಗೇ ಆದ್ರೆ ಅಪ್ಪ ಕಾಲೇಜು ಬುಡಿಸ್ಬುಡ್ತಾರಂತೆ."

ಊರ ಬಸ್ಸನ್ನು ಹತ್ತು ನಿಮಿಷ ತಡವಾಗಿ ಬಿಟ್ಟರಾಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಸುನಂದಮ್ಮನಿಗೂ ಅನ್ನಿಸಿತ್ತು. ಮೇಲಿನವರು ಒಪ್ಪಲಿಲ್ಲ, ಅವರ ಮಾತಿನಲ್ಲೂ ನ್ಯಾಯವಿತ್ತು. ಆ ಬಸ್ಸು ವಾಪಸ್ ಬಂದು ಕುಶಾಲನಗರದ ರಾತ್ರಿ ಬಸ್ಸಿಗೆ ಜನ ಕೊಡಬೇಕು. ಹೋಗುವುದು ತಡವಾದರೆ ಬರುವುದೂ ತಡ. ಒಂದನ್ನು ಜರುಗಿಸಿದರೆ ಎಲ್ಲವೂ ಜರುಗುತ್ತದೆ.

ಆ ವಾರವೇ ಸುನಂದಮ್ಮ ಮಂಚದ ಹಲಗೆಗೆ ಮೊಳೆ ಹೊಡೆಯಲು ಕೂತರು. ಹಸಿರು ದಾರದಲ್ಲಿ ಊರ ಬಸ್ಸನ್ನು ಕಟ್ಟಿ ನೋಡಿದರೆ, ಹಾರನಹಳ್ಳಿಯ ಸಾಲಿನಲ್ಲಿ ದಾರ ನಾಲ್ಕು ಮೊಳೆಯಷ್ಟು ಹಾಯಾಗಿ ಮಲಗಿತ್ತು. ಎಂದೋ ಹಾಲಿನ ಕ್ಯಾನುಗಳಿಗಾಗಿ ಕಾಯಲೆಂದು ಯಾರೋ ಕೊಟ್ಟಿದ್ದ ಸಮಯ ಅದು. ಹಾಲಿಗೆ ಈಗ ಬೇರೆ ವ್ಯಾನು ಬರುತ್ತದೆ. ಉಳಿದದ್ದು ಡ್ರೈವರ್ ಕುಳ್ಳಯ್ಯನವರ ಟೀ ಮಾತ್ರ. ಸುನಂದಮ್ಮ ಆ ಮಲಗಿದ ತುಂಡಿನಿಂದ ಎರಡು ಮೊಳೆಯಷ್ಟು, ಅಂದರೆ ಹತ್ತು ನಿಮಿಷ, ಕಿತ್ತುಕೊಂಡು, ಅದಕ್ಕೂ ಹಿಂದಿನ ಓರೆ ದಾರವನ್ನು ಇಳಿಜಾರು ಕೆಡದಂತೆ ಹಾಗೇ ಬಲಕ್ಕೆ ಸರಿಸಿದರು. ಈಗ ಹಸಿರು ದಾರ ಪಿರಿಯಾಪಟ್ಟಣವನ್ನು ಬಿಡುವ ಮೊಳೆಗೇ ಹುಣಸೂರಿನ ಕೆಂಪು ದಾರ ಬಂದು ಸೇರುತ್ತಿತ್ತು. ವಾಪಸ್ ಬರುವ ಹೊತ್ತು ಒಂಚೂರೂ ಬದಲಾಗಿರಲಿಲ್ಲ.

"ನನ್ ಟೀನೇ ದಾರ ಮಾಡಿ ಎಳ್ಕಂಬುಟ್ರು ಕಣ್ರೀ" ಎಂದು ಕುಳ್ಳಯ್ಯ ಇವತ್ತಿಗೂ ದೂರುತ್ತಾರೆ. ಮೇಲಿನವರು ಹಲಗೆ ನೋಡಿ, ಒಂದು ವಾರ ನೋಡೋಣ ಎಂದರು.

ಮೊದಲ ಸಂಜೆಯೇ ಎಡವಟ್ಟಾಯಿತು. ಕೆಂಪು ದಾರದ ಬಸ್ಸು ಹೇಳಿದ ಹೊತ್ತಿಗೇ ಬಂತು, ಊರ ಬಸ್ಸು ಹೇಳಿದ ಹೊತ್ತಿಗೇ ಹೊರಟಿತು. ಐಶ್ವರ್ಯ ಹೊರಗೇ ಉಳಿದಳು. ಕಾರಣ ಪುಟ್ಟಸಿದ್ದಮ್ಮ. ಮಾಳದಕೊಪ್ಪಲಿನ ಈ ಅಜ್ಜಿ ಬೆಳಿಗ್ಗೆ ಮಂಕರಿ ತುಂಬ ಬದನೆಕಾಯಿ, ಹಸಿಮೆಣಸಿನಕಾಯಿ ಹೊತ್ತು ಹುಣಸೂರಿಗೆ ಹೋಗಿ, ಸಂಜೆ ಅದೇ ಮಂಕರಿಯಲ್ಲಿ ಊರಿನವರು ಹೇಳಿಕಳಿಸಿದ ಸಾಮಾನು ತುಂಬಿಕೊಂಡು ಬರುತ್ತಾರೆ. ಐಶ್ವರ್ಯ ಓಡಿದ್ದರೆ ಬಸ್ಸು ಸಿಗುತ್ತಿತ್ತು. ಅವಳು ಮಂಕರಿಯ ಒಂದು ಬದಿ ಹಿಡಿದು ಅಜ್ಜಿಯನ್ನು ಇಳಿಸುತ್ತಿದ್ದಳು. ಇಬ್ಬರೂ ನಿಲ್ದಾಣದ ಆ ತುದಿ ಮುಟ್ಟುವಷ್ಟರಲ್ಲಿ ಬಸ್ಸಿನ ಹಿಂದಿನ ದೀಪ ಕಾಣಿಸುತ್ತಿತ್ತು.

"ಸೀಟಿ ಊದಿದೋಳೂ ನಾನೇ" ಎನ್ನುವಾಗ ಸುನಂದಮ್ಮನ ಮುಖ ಸಪ್ಪಗಾಗುತ್ತದೆ. "ಗಡಿಯಾರ ನೋಡ್ದೆ, ಹಲಗೆ ನೋಡ್ದೆ, ಊದ್ದೆ. ಜನ ನೋಡ್ನಿಲ್ಲ."

ಅವರೇ ಫೋನು ಮಾಡಿ ಲಿಂಗಯ್ಯನವರನ್ನು ಕರೆಸಿದರು. ಲಿಂಗಯ್ಯ ಬೆಂಕಿಯನ್ನು ಪಕ್ಕದವರಿಗೆ ಒಪ್ಪಿಸಿ ಬೈಕಿನಲ್ಲಿ ಬಂದರು. "ಸೋಮವಾರದಿಂದ ಅವ್ಳು ಬರಕಿಲ್ಲ ಬುಡಿ ಮೇಡಂ" ಎಂದಷ್ಟೇ ಹೇಳಿ, ಮಗಳನ್ನೂ ಅಜ್ಜಿಯನ್ನೂ ಮಂಕರಿಯನ್ನೂ ಒಂದೇ ಬೈಕಿಗೆ ಹೇಗೋ ಹೇರಿಕೊಂಡು ಹೊರಟರು.

"ಎಂಟನೇ ಕ್ಲಾಸಲ್ಲಿ ಬಾಯಿಪಾಠ ಮಾಡಿಸಿದ್ರು. ಬಿಂದುವಿಗೆ ಉದ್ದ ಇಲ್ಲ, ಅಗಲ ಇಲ್ಲ ಅಂತ" ಎಂದು ಸುನಂದಮ್ಮ ಹೇಳುತ್ತಾರೆ. "ನಾನು ಎರಡು ದಾರನ ಒಂದು ಬಿಂದುವಲ್ಲಿ ಕೂಡಿಸ್ದೆ. ಉದ್ದಾನೇ ಇಲ್ದಿರೋ ಜಾಗದಲ್ಲಿ ಪುಟ್ಟಸಿದ್ದಮ್ಮ ಮಂಕರಿ ಹೊತ್ಕಂಡು ಎಲ್ಲಿ ನಡೀಬೇಕು, ನೀವೇ ಹೇಳಿ."

ಮಾರನೇ ದಿನ ಪುಟ್ಟಸಿದ್ದಮ್ಮ ಹುಣಸೂರಿನಿಂದ ಬಂದಿಳಿದಾಗ ಸುನಂದಮ್ಮ ಜೊತೆಗೇ ನಡೆದರು. ಒಬ್ಬರಿಗೆ ಮಂಕರಿ, ಇನ್ನೊಬ್ಬರಿಗೆ ಮಂಡಿ. ಇಬ್ಬರೂ ಕುಂಟುತ್ತ ಆ ತುದಿಗೆ ಹೋಗುವುದಕ್ಕೆ ಹತ್ತಿರ ಹತ್ತಿರ ಐದು ನಿಮಿಷ ಹಿಡಿಯಿತು. ಸುನಂದಮ್ಮ ಕುಳ್ಳಯ್ಯನವರ ಟೀಯಿಂದ ಇನ್ನೊಂದು ಮೊಳೆ ಕಿತ್ತು, ಪಿರಿಯಾಪಟ್ಟಣದ ಸಾಲಿನಲ್ಲಿ ಹಸಿರು ದಾರವನ್ನು ಅಷ್ಟುದ್ದ ಮಲಗಿಸಿದರು. ಕೆಂಪು ಬಂದು ಸೇರಿದ ಮೇಲೂ ಹಸಿರು ಅಷ್ಟು ಹೊತ್ತು ಅಲ್ಲೇ ಇರಬೇಕು. ಆ ತುಂಡಿಗೆ ಅವರಿಟ್ಟ ಹೆಸರು 'ಒಂದು ಪುಟ್ಟಸಿದ್ದಮ್ಮ'. ಹೆಸರು ಕ್ಯಾಬಿನ್ ದಾಟಿ ಹೋಗಿದೆ. ಇವತ್ತು ಇಲ್ಲಿನ ಡ್ರೈವರುಗಳು 'ಅರ್ಧ ಪುಟ್ಟಸಿದ್ದಮ್ಮ ಲೇಟು' ಎಂದು ನಗದೆಯೇ ಹೇಳುತ್ತಾರೆ.

ಇನ್ನು ಲಿಂಗಯ್ಯನವರನ್ನು ಒಪ್ಪಿಸಬೇಕಿತ್ತು. ಭಾನುವಾರ ಸುನಂದಮ್ಮ ಹಲಗೆಯನ್ನು ಸೀರೆಯಲ್ಲಿ ಸುತ್ತಿ ಮಾಳದಕೊಪ್ಪಲಿಗೆ ಹೊರಟರು. ಬ್ಯಾರನ್ನಿನ ಒಲೆಯ ಮುಂದೆ ಹಲಗೆ ಒರಗಿಸಿ ತೋರಿಸಿದರು. ಲಿಂಗಯ್ಯನವರಿಗೆ ಅದು ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬ್ಯಾರನ್ನಿನ ಶಾಖವನ್ನೂ ಹಂತಹಂತವಾಗಿ ಏರಿಸಬೇಕು, ನಡುನಡುವೆ ಒಂದೇ ಮಟ್ಟದಲ್ಲಿ ನಿಲ್ಲಿಸಬೇಕು. ಅವರು ಹಲಗೆಯ ತಳದ ಕಡೆ ಬೆರಳಿಟ್ಟು ಒಂದು ತಪ್ಪು ಹಿಡಿದರು.

"ಆರನಳ್ಳಿಯಿಂದ ನಮ್ಮೂರ್ಗೆ ದಾರ ಒಂದೇ ಸಮ ಎಳೆದಿದ್ದೀರಲ್ಲ ಮೇಡಂ. ಕೆರೆ ಏರಿ ಮೇಲೆ ಬಸ್ಸು ಅಷ್ಟು ಜೋರಾಗಿ ಎಲ್ ಬತ್ತದೆ? ಅಲ್ಲಿ ತೆವಳ್ತದೆ. ಇದನ್ನ ನಂಬ್ಕಂಡು ಮಗಳ್ನ ಕರ್ಕಬರಕ್ಕೆ ಏರಿ ತಾವಿನ ಸ್ಟಾಪಿಗೆ ಬಂದ್ರೆ ನಾನು ಸುಮ್ನೆ ನಿಂತ್ಕೊಬೇಕು, ಇಲ್ಲಿ ಬೆಂಕಿ ಆರೋಯ್ತದೆ."

ಸುನಂದಮ್ಮ ಅಲ್ಲೇ ಒಂದು ಮೊಳೆ ಕೇಳಿ ಹೊಡೆದು, ಏರಿಯ ಜಾಗದಲ್ಲಿ ದಾರವನ್ನು ಬಗ್ಗಿಸಿದರು. ಯಾವ ಹೊತ್ತಿಗೆ ಒಲೆ ಬಿಟ್ಟು ಏಳಬೇಕು ಎನ್ನುವುದು ಲಿಂಗಯ್ಯನವರಿಗೆ ಈಗ ಕಂಡಿತು. ಒಲೆಗೊಂದು ಸೌದೆ ತಳ್ಳಿ, "ನಾಳೆ ಕಳಿಸ್ತೀನಿ. ನಿಮ್ ದಾರ ಏನ್ ಮಾಡ್ತದೋ ನೋಡವಾ" ಎಂದರು. ಅವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ ಎಂದು ಸುನಂದಮ್ಮ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಸೋಮವಾರ ಬಸ್ಸು ಸಿಕ್ಕಿತು. ಮಂಗಳವಾರವೂ ಸಿಕ್ಕಿತು.

ಅದೇ ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕ ಮಹೇಶ್‌ಕುಮಾರ್ ಬೋರ್ಡಿನ ಮೇಲೆ ದೂರ ಮತ್ತು ಕಾಲದ ನಕ್ಷೆ ಬರೆದು, ಇದರ ಓರೆಯೇ ವೇಗ ಎಂದರು. ಇಡೀ ತರಗತಿ ಗರಬಡಿದಂತೆ ಕೂತಿತ್ತು. ಐಶ್ವರ್ಯ ಮಾತ್ರ, "ಸಾರ್, ಇದು ಸುನಂದಮ್ಮಾಂಟಿ ಹಲಗೆ!" ಎಂದಳಂತೆ. ಆ ವಾರವೇ ಮೇಷ್ಟ್ರು ಹಲಗೆ ನೋಡಲು ಬಂದರು. ಈಗ ವರ್ಷಕ್ಕೊಮ್ಮೆ ಹಲಗೆಯನ್ನು ಎರವಲು ಪಡೆದು ತರಗತಿಗೆ ಒಯ್ಯುತ್ತಾರೆ.

"ಎರಡು ಊರಿಂದ ಎರಡು ಬಸ್ಸು ಹೊರಟರೆ ಎಲ್ಲಿ ಸಂಧಿಸುತ್ತವೆ ಅಂತ ಕೇಳಿದರೆ ಹುಡುಗರು ಎಕ್ಸು ವೈ ಬರೆದು ಗುದ್ದಾಡ್ತಾರೆ. ಉತ್ತರ ಬಂದರೂ ಏನು ಬಂತು ಅಂತ ಗೊತ್ತಿರಲ್ಲ. ಎರಡು ದಾರ ಕಟ್ಟಿಸಿದರೆ, ಸಮೀಕರಣ ಬಿಡಿಸೋದು ಅಂದ್ರೆ ಗೆರೆ ಎಲ್ಲಿ ಕೂಡುತ್ತೆ ಅಂತ ಹುಡುಕೋದು ಅನ್ನೋದು ತಾನಾಗಿ ತಿಳಿಯುತ್ತೆ" ಎನ್ನುತ್ತಾರೆ ಮಹೇಶ್‌ಕುಮಾರ್. "ಒಂದು ಟ್ಯಾಂಕು ತುಂಬ್ತಾ ಇದೆ, ಇನ್ನೊಂದು ಖಾಲಿಯಾಗ್ತಾ ಇದೆ, ಯಾವಾಗ ಸಮ ಆಗ್ತವೆ? ಅದಕ್ಕೂ ಇದೇ ಎರಡು ದಾರ. ಬಸ್ಸು ಹೋಗಿ ನೀರು ಬಂತು, ಅಷ್ಟೇ."

ಮೇಷ್ಟ್ರಿಗೆ ಹಲಗೆಯ ಮೇಲೆ ಒಂದು ತಕರಾರೂ ಇತ್ತು. ನಿಂತ ಬಸ್ಸಿಗೆ ಹೊರಟ ಕ್ಷಣವೇ ಪೂರ್ತಿ ವೇಗ ಬರುವುದಿಲ್ಲ, ಆದ್ದರಿಂದ ಮೂಲೆ ಚೂಪಾಗಿರಬಾರದು, ದುಂಡಗಿರಬೇಕು ಎಂದರು. ಸುನಂದಮ್ಮನಿಗೆ ಅದನ್ನು ಕೇಳಿ ಬಲು ಖುಷಿಯಾಯಿತು. "ನಾನು ಯೋಚ್ನೇನೇ ಮಾಡಿರ್ನಿಲ್ಲ ಸಾರ್. ಕುಳ್ಳಯ್ಯ ಗೇರು ಬದಲಾಯ್ಸೋದು ದಿನಾ ಕೇಳ್ತೀನಿ, ಹಲಗೇಲಿ ಬಿಟ್ಟೋಗಿತ್ತು." ಆಮೇಲೆ ಆ ಮೂಲೆಗಳಿಗೆ ದಪ್ಪ ಮೊಳೆ ಹಾಕಿದ್ದಾರೆ. ದಾರ ಅದರ ಸುತ್ತ ದುಂಡಗೆ ತಿರುಗುತ್ತದೆ.

ಮಧ್ಯಾಹ್ನಕ್ಕೆ ಅವರ ಪಾಳಿ ಮುಗಿಯುತ್ತದೆ. ಸಂಜೆ ಮಾತ್ರ ಕೆಲಸವಿರಲಿ ಇಲ್ಲದಿರಲಿ, ಹತ್ತಿರದ ಮನೆಯಿಂದ ನಿಧಾನಕ್ಕೆ ನಡೆದು ಬಂದು ಕ್ಯಾಬಿನ್ನಿನ ಮುಂದಿನ ಕುರ್ಚಿಯಲ್ಲಿ ಕೂರುತ್ತಾರೆ. ನಾನೂ ಪಕ್ಕದಲ್ಲಿ ಕೂತೆ. ಹುಣಸೂರಿನ ಬಸ್ಸು ಬರುತ್ತದೆ. ಹುಡುಗಿಯರು ಕಾಳು ಚೆಲ್ಲಿದಂತೆ ಇಳಿದು ಆ ತುದಿಗೆ ಓಡುತ್ತಾರೆ. ಕೊನೆಯಲ್ಲಿ ಇಳಿಯುವುದು ಐಶ್ವರ್ಯ. ಈಗ ಹುಣಸೂರಿನಲ್ಲೇ ಬಿ.ಎಸ್ಸಿ. ಎರಡನೇ ವರ್ಷ, ಭೌತಶಾಸ್ತ್ರ ಮತ್ತು ಗಣಿತ. ಅವಳ ತಲೆಯ ಮೇಲೆ ಮಂಕರಿ, ತೋಳು ಹಿಡಿದು ಪುಟ್ಟಸಿದ್ದಮ್ಮ.

ಅಜ್ಜಿ ಈಗ ನಡುವೆ ಒಂದು ಸಲ ಕಲ್ಲುಬೆಂಚಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತಾರೆ. "ನನ್ನೆಸ್ರು ಎಲ್ಲಾರ ಬಾಯಲ್ಲೂ ಅದಂತಲ್ಲವ್ವ, ಯಾಕಂತೆ?" ಎಂದು ಸುನಂದಮ್ಮನನ್ನು ಕೇಳುತ್ತಾರೆ. "ಒಳ್ಳೇದಕ್ಕೇ ಕಣವ್ವ, ಕೂತ್ಕೋ" ಎನ್ನುತ್ತಾರೆ ಇವರು.

ಆ ತುದಿಯಲ್ಲಿ ಊರ ಬಸ್ಸು ನಿಂತೇ ಇದೆ. ಕುಳ್ಳಯ್ಯ ಸ್ಟೀರಿಂಗಿನ ಹಿಂದೆ ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿಕೊಳ್ಳುತ್ತಿದ್ದಾರೆ. ಹಾರನಹಳ್ಳಿಯ ಟೀ ಪೂರ್ತಿ ಹೋಯಿತು. ಹುಡುಗಿಯರೆಲ್ಲ ಓಡಿ ಹತ್ತುತ್ತಾರಲ್ಲ, ಮಲಗಿದ ದಾರವನ್ನು ಸ್ವಲ್ಪ ಕತ್ತರಿಸಬಹುದಲ್ಲ ಎಂದು ಈಚೆಗೆ ಮೇಲಿನವರು ಕೇಳಿದ್ದರಂತೆ. ಸುನಂದಮ್ಮ ಕತ್ತರಿಸಲಿಲ್ಲ. ಕುಳ್ಳಯ್ಯನವರ ಟೀಗೆ ಉಳಿದಿದ್ದ ಕೊನೆಯ ಮೊಳೆಯನ್ನೂ ತಂದು ಈ ಯುಗಾದಿಗೆ ಅದಕ್ಕೇ ಸೇರಿಸಿದರು. ಒಂದು ಪುಟ್ಟಸಿದ್ದಮ್ಮ ಈಗ ಮೊದಲಿಗಿಂತ ಉದ್ದವಾಗಿದೆ.

ಅಳತೆಯನ್ನು ಹೀಗೆ ಬದಲಾಯಿಸಬಹುದೇ ಎಂದು ನಾನು ಕೀಟಲೆಗೆ ಕೇಳುತ್ತೇನೆ. ಅವರು ನನ್ನ ಕಡೆ ತಿರುಗುವುದಿಲ್ಲ. ಅಜ್ಜಿ ಬೆಂಚಿನಿಂದ ಎದ್ದು, ಮೆಟ್ಟಿಲು ಹತ್ತಿ, ಸೀಟಿನಲ್ಲಿ ಕೂರುವವರೆಗೂ ಅವರ ಕಣ್ಣು ಅಲ್ಲೇ ಇರುತ್ತದೆ. ಆಮೇಲೆ ಸೀಟಿ ಬಾಯಿಗಿಟ್ಟು, ಊದುವ ಮುಂಚೆ ಹೇಳುತ್ತಾರೆ:

"ಓಡೋರ್ಗೆ ಬಸ್ಸು ಎಂಗಿದ್ರೂ ಸಿಕ್ತದೆ ಸಾರ್. ನಾನು ಗೆರೆ ಎಳೆದಿರೋದು ನಡೆಯೋರ್ಗೆ."