ಇಂದ್ರಮ್ಮನ ಗದ್ದದ ಪಟ್ಟಿ

ಕಿಕ್ಕೇರಿಯ ರೈತ ಹೊನ್ನಪ್ಪ ಒಮ್ಮೆ ತೀರ್ಮಾನಿಸಿದರೆ ಮುಗಿಯಿತು. ಒಂಬತ್ತು ವರ್ಷದ ಮಗಳು ಇಂದ್ರಮ್ಮ ಬಾಯಿ ಮುಚ್ಚಿದರೆ ಕೆಳಗಿನ ಹಲ್ಲುಗಳು ಮೇಲಿನವನ್ನು ಮರೆಮಾಡಿ ಮುಂದೆ ನಿಲ್ಲುತ್ತಿದ್ದವು. ೧೯೬೯ರ ಒಂದು ವಾರ ಅವನು ಸಂತೆಯಲ್ಲಿ ಹಲ್ಲು ಕೀಳುವ ಚೌಡಯ್ಯನಿಗೆ ಹೇಳಿಯೂ ಬಂದ.

“ಕೆಳಗಿನ ನಾಕು ಅಲ್ಲು ಕೀಳಿಸ್ಬುಟ್ರೆ ಮೊಕ ಸರೋಯ್ತದೆ” ಎಂದ ಮನೆಗೆ ಬಂದು.

“ಕಿತ್ ಮ್ಯಾಲೆ ತಿರ್ಗಾ ಉಟ್ತವಾ?” ಎಂದಳು ಹೆಂಡತಿ ಅಣ್ಣಮ್ಮ.

ಮರುದಿನ ಅವಳು ಗಂಡನಿಗೆ ಹೇಳದೆ ಮಗಳೊಂದಿಗೆ ಮೈಸೂರಿನ ಬಸ್ಸು ಹತ್ತಿದಳು. ಶ್ರೀರಂಗಪಟ್ಟಣ ದಾಟುವವರೆಗೂ ತಿರುಗಿ ತಿರುಗಿ ರಸ್ತೆ ನೋಡುತ್ತಲೇ ಇದ್ದಳು.

“ಕೀಳೋದೂ ಬೇಡ, ಕುಯ್ಯೋದೂ ಬೇಡ ತಾಯಿ. ದವಡೆ ಇನ್ನೂ ಬೆಳೀತಿದೆ” ಎಂದರು ಹಲ್ಲಿನ ಡಾಕ್ಟರು. ಮೇಲಿನ ಹಲ್ಲುಗಳನ್ನು ಮುಂದಕ್ಕೆ ತಳ್ಳಲು ಅಂಗುಳಿಗೆ ಕೂರುವ ತಂತಿಯ ಪ್ಲೇಟು, ಗದ್ದವನ್ನು ಹಿಂದಕ್ಕೆ ಎಳೆಯಲು ತಲೆಗೆ ಸುತ್ತುವ ಎಲಾಸ್ಟಿಕ್ ಪಟ್ಟಿ ಕೊಟ್ಟರು. ಪ್ಲೇಟು ಸದಾ ಬಾಯಲ್ಲಿರಬೇಕು, ಪಟ್ಟಿ ದಿನಕ್ಕೆ ಹದಿನಾಲ್ಕು ಗಂಟೆ.

ಊರಿಗೆ ಮರಳಿದಾಗ ಹೊನ್ನಪ್ಪ ಸಿಡುಕಿದ. “ಯುಗಾದಿಗಂಟ ನೋಡ್ತೀನಿ. ಆಮ್ಯಾಕೆ ಚೌಡಯ್ಯನೇ.”

ನಾಲ್ಕು ತಿಂಗಳಾದರೂ ಹಲ್ಲು ಕದಲಲಿಲ್ಲ. ಒಂದು ಸಂಜೆ ಶಾಲೆಯ ಚೀಲದಲ್ಲಿ ಪ್ಲೇಟು ಕಂಡು ಅಣ್ಣಮ್ಮ ಅದನ್ನು ಮಗಳ ಮುಂದೆ ಹಿಡಿದಳು. ಇಂದ್ರಮ್ಮ ಅತ್ತಳು. “ಮಾತು ತೊದಲ್ತದೆ ಕಣವ್ವ. ಎಲ್ರೂ ಅಣಕಿಸ್ತಾರೆ.”

ಅಣ್ಣಮ್ಮ ಬೈಯಲಿಲ್ಲ. “ಯುಗಾದಿಗೆ ಎರಡೇ ತಿಂಗ್ಳು ಮಗ” ಎಂದಳಷ್ಟೇ.

ಅಂದಿನಿಂದ ಇಂದ್ರಮ್ಮ ಪ್ಲೇಟು ತೆಗೆಯಲಿಲ್ಲ. ಪಟ್ಟಿ ಉಜ್ಜಿ ಗದ್ದ ಕೆಂಪಾಯಿತು. ಅಣ್ಣಮ್ಮ ಹರಳೆಣ್ಣೆ ಸವರಿ, ಹತ್ತಿಬಟ್ಟೆ ಇಟ್ಟು ಪಟ್ಟಿ ಕಟ್ಟಿದಳು. ಹಬ್ಬದ ಹೊತ್ತಿಗೆ ಹಲ್ಲುಗಳು ತುದಿಗೆ ತುದಿ ತಾಗಿ ನಿಂತವು. ಈಗ ಅಗಿಯುವುದೇ ಕಷ್ಟವಾಯಿತು. ಗಂಜಿ ಕುಡಿಯುತ್ತಿದ್ದ ಮಗಳನ್ನು ನೋಡಿ ಹೊನ್ನಪ್ಪ ಎದ್ದೇಬಿಟ್ಟ. “ಇದ್ದ ಬಾಯೂ ಕೆಟ್ಟೋಯ್ತು. ನಡಿ, ಕೀಳಿಸ್ತೀನಿ.”

ಅಣ್ಣಮ್ಮ ಬಾಗಿಲಿಗೆ ಅಡ್ಡ ನಿಂತಳು. ಅಪ್ಪನೆದುರು ಎಂದೂ ದನಿಯೆತ್ತದ ಇಂದ್ರಮ್ಮ ಅವನ ಕೈ ಹಿಡಿದಳು. “ತುದಿಗೆ ಬಂದವೆ ಕಣಪ್ಪ. ಇನ್ನೆಂಟು ದಿನ ಕೊಡು.”

ಅವನು ಮತ್ತೆ ಕುಳಿತ. “ಎಂಟೇ ದಿನ.”

ಆರನೆಯ ಬೆಳಿಗ್ಗೆ ಬಾಯಿ ಮುಚ್ಚಿದಾಗ ಮೇಲಿನ ಹಲ್ಲು ಕೆಳಗಿನವನ್ನು ದಾಟಿ ಕೆಳತುಟಿಗೆ ತಾಗಿತು. ಇಂದ್ರಮ್ಮ ಗದ್ದೆಗೆ ಓಡಿದಳು. ಹೊನ್ನಪ್ಪ ಕೆಸರು ಕೈ ತೊಳೆದು, ಹಲ್ಲುಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ ನೋಡಿದ. ಎಲ್ಲವೂ ಗಟ್ಟಿಯಾಗಿದ್ದವು.

“ನೋಯ್ತದಾ?” ಎಂದ. ಇಷ್ಟು ತಿಂಗಳಲ್ಲಿ ಅವನು ಅದನ್ನು ಕೇಳಿದ್ದು ಅದೇ ಮೊದಲು.

ದವಡೆ ಬೆಳೆದು ನಿಲ್ಲುವವರೆಗೆ, ಇನ್ನೂ ಆರು ವರ್ಷ, ಇಂದ್ರಮ್ಮ ಮಲಗುವಾಗ ಪಟ್ಟಿ ಕಟ್ಟಿಕೊಂಡಳು. ಡಾಕ್ಟರಿಗೆ ತೋರಿಸಲು ಮೈಸೂರಿಗೆ ಅವಳನ್ನು ಕರೆದೊಯ್ಯುತ್ತಿದ್ದವನು ಹೊನ್ನಪ್ಪನೇ.