ಯಗಚಿ ಹೊಳೆಯ ಮುಯ್ಯಿ

ಅರಸೀಕೆರೆಯ ಇಂದುಧರನಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಹೊಳೆಯ ಹುಚ್ಚು ಹಿಡಿದದ್ದು ಹೊಟ್ಟೆಯುರಿಯಿಂದ. ಮೂವತ್ತು ವರ್ಷ ತೆಂಗಿನಕಾಯಿ ಸುಲಿದ ಮನುಷ್ಯ. ನೀರಿಗೂ ಅವನಿಗೂ ಎಲ್ಲಿಯ ನಂಟು?

ಬೆಂಕಿ ಹಚ್ಚಿದವನು ಹೆಂಡತಿ ಪ್ರತಿಮಾಳ ಅಣ್ಣ, ಬೇಲೂರಿನ ಷಡಕ್ಷರಪ್ಪ. ಎರಡು ವರ್ಷದ ಹಿಂದೆ ನೆಂಟರನ್ನೆಲ್ಲ ಯಗಚಿ ದಡಕ್ಕೆ ಊಟಕ್ಕೆ ಕರೆದು, ಇಂದುಧರನನ್ನು ಹರಿಗೋಲಿಗೆ ಹತ್ತಿಸಿ ಕೈಗೆ ಹುಟ್ಟು ಕೊಟ್ಟ. ಹರಿಗೋಲು ಇದ್ದಲ್ಲೇ ಗಿರಗಿರನೆ ತಿರುಗಿತು.

"ನೋಡ್ರಪ್ಪಾ, ನಮ್ ಇಂದುಧರ ಚೆನ್ನಕೇಶವನಿಗೆ ನೀರಲ್ಲೇ ಪ್ರದಕ್ಷಿಣೆ ಹಾಕ್ತಾವ್ನೆ!" ಎನ್ನುತ್ತ ಷಡಕ್ಷರಪ್ಪ ಮೊಬೈಲಿನಲ್ಲಿ ವಿಡಿಯೊ ಹಿಡಿದ. ಅಲ್ಲಿಗೇ ಬಿಟ್ಟನೇ ಪುಣ್ಯಾತ್ಮ? ಮದುವೆಯಲ್ಲಿ ತೋರಿಸಿದ, ನಾಮಕರಣದಲ್ಲಿ ತೋರಿಸಿದ, ಕೊನೆಗೆ ಶಿವಗಣಾರಾಧನೆಗೆ ಬಂದವರಿಗೂ ತೋರಿಸಿದ. ಸತ್ತವರ ಮನೆಯಲ್ಲೂ ಜನ ನಕ್ಕರು. ಇಂದುಧರ ಎಲೆ ಬಿಟ್ಟು ಎದ್ದ.

"ಬೇಲೂರಿಂದ ಗೊರೂರಿನ ತನಕ ಒಬ್ನೇ ಹುಟ್ಟು ಹಾಕ್ತೀನಿ ಕಣೇ. ನಿಮ್ಮಣ್ಣನ ಬಾಯಿ ಮುಚ್ಚಿಸ್ದೆ ಬಿಡಲ್ಲ."

"ಮೊದ್ಲು ಊಟ ಮುಗಿಸ್ಕೊಂಡ್ ಬನ್ರೀ," ಎಂದಳು ಪ್ರತಿಮಾ.

ಅವನು ಭಾನುವಾರ ತಪ್ಪದೆ ಬಸ್ಸು ಹಿಡಿದು ಹಳೇಬೀಡಿಗೆ ಹೋದ. ಅಲ್ಲಿನ ಕೆರೆಯಲ್ಲಿ ಮೀನು ಹಿಡಿಯುವ ಮರಿಯಣ್ಣ ಗುರುವಾದ. ಮೊದಲ ದಿನ ಶಿಷ್ಯನ ಕೈಯನ್ನೇ ನೋಡುತ್ತ ಕೂತವನು ಹೇಳಿದ: "ಸ್ವಾಮಿ, ನೀವು ಕಾಯಿ ಸುಲೀತಿದ್ದೀರಿ! ಒತ್ತಿ ಬಲಕ್ಕೆ ತಿರುವ್ತೀರಿ, ಅದ್ಕೇ ತಿರುಗ್ತೈತೆ. ನೀರಿಗೆಲ್ಲೈತೆ ಸಿಪ್ಪೆ? ಮುಂದಕ್ ಹಾಕಿ, ನಿಮ್ ಕಡೀಕೆ ಎಳ್ಕಳಿ."

ಮೂವತ್ತು ವರ್ಷದ ಕೈಚಾಳಿ ಬಿಡಿಸಲು ಹದಿನಾಲ್ಕು ತಿಂಗಳು ಬೇಕಾಯಿತು. ತೋಳು ಸೋತಾಗಲೆಲ್ಲ ಷಡಕ್ಷರಪ್ಪನ ನಗುವನ್ನು ನೆನೆಯುತ್ತಿದ್ದ. ಮೈಯೆಲ್ಲ ಉರಿದು ಮತ್ತೆ ಬಲ ಬರುತ್ತಿತ್ತು.

ಈ ಸಲ ಮಳೆಗಾಲ ಮುಗಿದು ಹೊಳೆ ತುಂಬಿದಾಗ ಅವನನ್ನು ಗೊರೂರಿಗೆ ಬೀಳ್ಕೊಡಲು ಅದೇ ನೆಂಟರು ಅದೇ ದಡದಲ್ಲಿ ಸೇರಿದರು. ಷಡಕ್ಷರಪ್ಪ ಮೊಬೈಲು ಹಿಡಿದೇ ನಿಂತಿದ್ದ.

"ಬನ್ನಿ ಭಾವ, ಒಂದು ಸುತ್ತು ಹೋಗ್ಬರೋಣ," ಎಂದ ಇಂದುಧರ.

ಅಷ್ಟು ಜನರ ಮುಂದೆ ಒಲ್ಲೆ ಎನ್ನಲಾಗದೆ ಷಡಕ್ಷರಪ್ಪ ಹತ್ತಿದ. ಹರಿಗೋಲು ಗೆರೆ ಎಳೆದಂತೆ ನಡುಹೊಳೆಗೆ ಹೋಯಿತು. ಅಲ್ಲಿ ಇಂದುಧರ ಅವನ ಕೈಯಿಂದ ಮೊಬೈಲು ಕಿತ್ತುಕೊಂಡು, ಹುಟ್ಟು ಕೊಟ್ಟ. ಹರಿಗೋಲು ಬುಗುರಿಯಾಯಿತು. ದಡದಲ್ಲಿ ನಗುವೋ ನಗು.

"ನಂಗೆ ಈಜು ಬರಲ್ಲ ಕಣಪ್ಪಾ, ದಡ ಸೇರ್ಸೋ!"

"ಹಂಗೇ ತಿರುಗ್ಸಿ ಭಾವ, ವಿಡಿಯೊ ಚೆನ್ನಾಗ್ ಬರ್ತೈತೆ. ಮುಂದಿನ ಮದ್ವೇಲಿ ತೋರಿಸ್ಬೇಕು."

ಮನದಣಿಯೆ ಅಳಿಸಿ, ಅವನನ್ನು ಆಚೆ ದಡದ ಕೆಸರಿನಲ್ಲಿ ಇಳಿಸಿ, ಮೊಬೈಲನ್ನು ಅವನ ಮಡಿಲಿಗೆ ಹಾಕಿದ. "ಸೇತುವೆ ಮೂರು ಮೈಲಿ. ನಿಧಾನಕ್ ನಡ್ಕಂಡ್ ಹೋಗಿ," ಎಂದು ಗೊರೂರಿನ ಕಡೆ ಹೊರಟ. ಎರಡು ವರ್ಷದ ಹೊಟ್ಟೆಯುರಿ ತಣ್ಣಗಾಗಿತ್ತು.

ಇಪ್ಪತ್ತು ಸಲ ಹುಟ್ಟು ಹಾಕುವಷ್ಟರಲ್ಲಿ ತೋಳು ಸೋತವು. ಇನ್ನೂ ದಿನಗಟ್ಟಲೆ ಹಾದಿ ಉಳಿದಿತ್ತು. ಎಂದಿನಂತೆ ಆ ನಗುವನ್ನು ನೆನೆದ. ನೆನಪಾದದ್ದು ಹರಿಗೋಲಿನ ಅಂಚು ಹಿಡಿದು ನಡುಗುತ್ತಿದ್ದ ಭಾವನ ಮುಖ. ಗೊರೂರಿನ ತನಕ ಬರಬೇಕಾಗಿದ್ದ ಹೊಟ್ಟೆಯುರಿಯ ಬುತ್ತಿಯನ್ನು ಬೇಲೂರಿನಲ್ಲೇ ಉಂಡು ಮುಗಿಸಿದ್ದ. ಅವನಿಗೆ ದಿಗಿಲಾಯಿತು.

ಹಿಂದಕ್ಕೆ ತಿರುಗಿ ಕೂಗಿದ: "ಭಾವಾ! ಒಂದೇ ಒಂದ್ಸಲ ನಗ್ರೀ!"

ಕೆಸರಿನಲ್ಲಿ ಕೂತಿದ್ದ ಷಡಕ್ಷರಪ್ಪ ತಲೆಯೆತ್ತಲಿಲ್ಲ. ಹರಿಗೋಲು ಮೆಲ್ಲಗೆ ಇದ್ದಲ್ಲೇ ತಿರುಗತೊಡಗಿತು.